ನೀಲಗಿರಿ ಬುಡದ ಚಿನ್ನ

ವಿಕ್ಟೋರಿಯಾದ ಈ ಚಿನ್ನದ ಗುಡ್ಡಗಳಲ್ಲಿ ಮೂವತ್ತೊಂದು ವರ್ಷದಿಂದ, ನೆಲದೊಳಗೆ ಲೋಹವಿದ್ದರೆ ಕೂಗುವ ಡಿಟೆಕ್ಟರ್ ಹಿಡಿದು ಅಲೆದಿದ್ದೇನೆ. ನನ್ನ ಕಿವಿ ಎಂದೂ ಸುಳ್ಳಾಗಿಲ್ಲ. ಅಗೆದ ಗುಂಡಿಯನ್ನು ಮುಚ್ಚದೆ ಒಂದು ದಿನವೂ ಮನೆಗೆ ಹೋದವನಲ್ಲ.

ಇಲ್ಲಿ ಜನವರಿ ಎಂದರೆ ಕಡು ಬೇಸಿಗೆ; ಆ ಮಧ್ಯಾಹ್ನ ಬೂಟಿನೊಳಗೆ ಪಾದ ಬೇಯುತ್ತಿತ್ತು. ನೀಲಗಿರಿ ಮರದ ಬುಡದಲ್ಲಿ ಡಿಟೆಕ್ಟರ್ ಮೆಲ್ಲಗೆ ಕೂಗಿತು. ಮೊಳದಾಳ ಅಗೆದಾಗ ಹೆಬ್ಬೆರಳಿನಷ್ಟು ದಪ್ಪದ ಚಿನ್ನದ ಗಟ್ಟಿ ಸಿಕ್ಕಿತು. ಆ ಬಿಸಿಲಲ್ಲೂ ಅದು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ಜೊತೆಗಾರ ಡೆಸ್ ಓಡಿ ಬಂದ. "ಲೇ ಮುದುಕಾ, ಲಾಟರಿ ಹೊಡೀತಲ್ಲೋ ನಿಂಗೆ!"

"ಲಾಟರಿ ಅಲ್ಲ ಕಣೋ, ಕಿವಿ," ಎಂದೆ.

ಮುಚ್ಚುವ ಮೊದಲು ಗುಂಡಿಯ ಮೇಲೆ ಇನ್ನೊಮ್ಮೆ ಡಿಟೆಕ್ಟರ್ ಆಡಿಸುವುದು ನಮ್ಮ ರೂಢಿ. ಅದೇ ಕೂಗು ಮತ್ತೆ ಕೇಳಿಸಿತು. ಇನ್ನೊಂದು ಮೊಳ ಅಗೆದೆವು, ಏನೂ ಇರಲಿಲ್ಲ. ಕೈಯಲ್ಲಿದ್ದ ಗಟ್ಟಿಯನ್ನೇ ಡಿಟೆಕ್ಟರಿನ ಕೆಳಗೆ ಹಿಡಿದೆ. ಸದ್ದೇ ಇಲ್ಲ.

ಡೆಸ್ ಮುಖ ಬಿಳಿಚಿತು. "ವಾಪಸ್ ಹಾಕ್ಬಿಡೋ ಅದನ್ನ."

"ಹುಡುಕಿದ್ದು ನಾನು. ಇದು ನಂದು," ಎಂದು ಗುಂಡಿಗೆ ಮಣ್ಣು ಎಳೆದು, ಬೂಟಿನಿಂದ ತುಳಿದು ಬಂದೆ.

ಗಟ್ಟಿ ಈಗ ನನ್ನ ಕಪಾಟಿನಲ್ಲಿದೆ. ಬೇಸಿಗೆಯಲ್ಲೂ ಅದರ ಮುಂದಿನ ಗಾಜು ಬೆವರುತ್ತದೆ. ಬಂದವರಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತೇನೆ.

ಗುಂಡಿ ತೆರೆದು ಬಿಡುವವನಲ್ಲ ನಾನು. ಆ ನೀಲಗಿರಿ ಬುಡದ ಗುಂಡಿಯೊಂದನ್ನೇ ಇಲ್ಲಿಯವರೆಗೆ ಐದು ಸಲ ಮುಚ್ಚಿ ಬಂದಿದ್ದೇನೆ.