ಗ್ರಹಣದ ಮರುದಿನ ಚೆಲ್ಲಿದ ನೀರು

"ಒಂದ ಹನಿ ಸುದ್ದಾ ಉಳೀಬಾರ್ದ ನೋಡ! ಗ್ರಹಣದ ನೀರು ಮನ್ಯಾಗ ಇಟಗೋಬಾರ್ದು. ಎಲ್ಲಾ ಚೆಲ್ಲು!"

ಆಯಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಮೊಮ್ಮಗಳು ಶಂಕ್ರೆವ್ವ ಸರಸರ ಓಡಾಡುತ್ತಿದ್ದಳು. ರಾತ್ರಿ ಚಂದ್ರಗ್ರಹಣ ಹಿಡಿದು ಬಿಟ್ಟಿತ್ತು. ಟಿಕೋಟಾದ ಆ ಓಣಿಯ ಎಲ್ಲ ಮನೆಗಳ ಮುಂದೂ ನೀರೇ ನೀರು. ಬೇರೆ ದಿನ ಅರ್ಧ ತಂಬಿಗೆ ಚೆಲ್ಲಿದರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಇವತ್ತು ಚೆಲ್ಲಿದಷ್ಟೂ ಶಾಬಾಸ್ ಸಿಗುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಇನ್ನೇನು ಬೇಕು?

ಹಂಡೆ ಆಯಿತು, ಕೊಡ ಆಯಿತು. ಪಡಸಾಲೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ ಸುತ್ತಿದ ಕ್ಯಾನು ಒಂದಿತ್ತು. ನಿನ್ನೆ ಸಂಜೆ ಗೋವಾದಿಂದ ಬಂದ ಚಂದ್ರಾ ಅತ್ತೆಯದು. ಶಂಕ್ರೆವ್ವ ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಇಣುಕಿದಳು. ಒಳಗೆ ತಿಳಿ ನೀರು. ದಾರಿಯಲ್ಲಿ ಕುಡಿದು ಉಳಿದದ್ದಿರಬೇಕು ಅಂದುಕೊಂಡಳು. ಅದನ್ನೂ ಬಚ್ಚಲಿಗೆ ಸುರಿದಳು. ಕ್ಯಾನನ್ನು ಬೂದಿ ಹಚ್ಚಿ ತಿಕ್ಕಿ, ಅಂಗಳದಲ್ಲಿ ಬೋರಲು ಹಾಕಿದಳು.

"ಆಯಿ, ಅತ್ತೀದೂ ಚೆಲ್ಲೀನಿ!"

"ಶಾಣ್ಯಾಕಿ ನನ್ನ ಮೊಮ್ಮಗಳು!" ಎಂದಳು ಆಯಿ.

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. "ಶಂಕ್ರಿ, ನನ್ನ ಕ್ಯಾನ್ ಚೀಲದಾಗ ಇಡವಾ. ಅಲುಗಾಡಿಸಬ್ಯಾಡ. ಅದರಾಗ ಲಕ್ಷಗಟ್ಟಲೆ ಜೀವ ಅದಾವ."

ಶಂಕ್ರೆವ್ವ ಅಂಗಳದಲ್ಲಿ ಬೋರಲು ಬಿದ್ದ ಕ್ಯಾನಿನ ಕಡೆ ನೋಡಿದಳು.

"ಜೀವ? ಅದು... ಅದು ಬರೇ ನೀರಲ್ಲೇನ ಅತ್ತಿ?"

"ಸಮುದ್ರದ ನೀರವಾ. ಅದರಾಗ ಇರೂವು ಕಣ್ಣಿಗೆ ಕಾಣಂಗಿಲ್ಲ. ಇವತ್ತ ವಿಜಾಪುರದ ಕಾಲೇಜಿನ್ಯಾಗ ಮೈಕ್ರೋಸ್ಕೋಪ್ ಇಟ್ಟು ಎಲ್ಲಾರಿಗೂ ತೋರಸ್ತೀನಿ. ನೀನೂ ಬರಾಕತ್ತೀಯಲ್ಲ?"

ಅತ್ತೆ ಗೋವಾದಲ್ಲಿ ಸಮುದ್ರದ ವಿಜ್ಞಾನಿ. ಆಕೆ ಓದಲು ಹೊರಟಾಗ ಊರೆಲ್ಲ ನಕ್ಕಿತ್ತಂತೆ. "ಹಳ್ಳಾನೂ ತುಂಬಿ ಹರೀದ ಊರಾಕಿ ಸಮುದ್ರ ಕಲೀತಾಳಂತ!" ಎಂದಿದ್ದರಂತೆ ಕಾಲೇಜಿನವರೂ. ಅದೇ ಕಾಲೇಜು ಈಗ ಆಕೆಯನ್ನು ಭಾಷಣಕ್ಕೆ ಕರೆದಿತ್ತು. ನಿನ್ನೆಯಿಂದ ಅತ್ತೆ ಅದನ್ನೇ ಹೇಳಿ ಹೇಳಿ ಹಿಗ್ಗಿದ್ದಳು.

ಬಾಯಿ ಬಿಡಬೇಕಿತ್ತು. ಆ ಹಿಗ್ಗಿನ ಮುಂದೆ ಧೈರ್ಯ ಸಾಲಲಿಲ್ಲ. ಸಮುದ್ರದ ನೀರು ಉಪ್ಪು ಎಂದು ಶಂಕ್ರೆವ್ವ ಸಾಲೆಯಲ್ಲಿ ಓದಿದ್ದಳು. ಹಿತ್ತಲಿನ ಸವಳು ಬಾವಿಗೆ ಓಡಿ ಕ್ಯಾನು ತುಂಬಿದಳು. ಅಡುಗೆಮನೆಯಿಂದ ಎರಡು ಹಿಡಿ ಉಪ್ಪು ತಂದು ಕದಡಿದಳು. ನೋಡಿದರೆ ಅದೇ ತಿಳಿ ನೀರು. ಯಾರಿಗೆ ಗೊತ್ತಾಗುತ್ತದೆ?

ಬಸ್ಸಿನಲ್ಲಿ ಅತ್ತೆಯ ಮಾತು ನಿಲ್ಲಲೇ ಇಲ್ಲ.

"ದೊಡ್ಡ ಮೀನು ಸಣ್ಣ ಮೀನು ತಿಂತೈತಿ. ಸಣ್ಣ ಮೀನು ಹುಳಾ ತಿಂತೈತಿ. ಹುಳಕ್ಕ ಊಟ ಯಾರ ಕೊಡ್ತಾರ ಹೇಳು?"

"ಗೊತ್ತಿಲ್ರಿ."

"ಕಣ್ಣಿಗೆ ಕಾಣದ ಹಸರು ಕಣ! ಅವ ಸಮುದ್ರದ ಬೆಳಿ. ಇವರೆಲ್ಲಾ ತಿಂದು ಬಿಟ್ಟ ಮುಸುರಿ ತಿನ್ನಾಕ ಇನ್ನೂ ಸಣ್ಣ ಜೀವ ಅದಾವ. ಆ ಜೀವಾನೂ ಮತ್ತೊಬ್ಬರ ಹೊಟ್ಟಿಗೆ ಹೋಗ್ತಾವ. ಮುಸುರಿ ತಿರುಗಿ ಉಣ್ಣೂ ಗಂಗಾಳಕ್ಕ ಬಂದಂಗ. ದೊಡ್ಡ ದೊಡ್ಡ ಪಂಡಿತರು ಇವನ್ನ ಲೆಕ್ಕಕ್ಕ ಹಿಡೀವಲ್ಲರು. ನಾ ಇವನ್ನ ಹುಡುಕಾಕತ್ತೇನಿ."

ಶಂಕ್ರೆವ್ವನ ತೊಡೆಯ ಮೇಲೆ ಕ್ಯಾನು ಇತ್ತು. ಬಸ್ಸು ಜಿಗಿದಾಗಲೆಲ್ಲ ನೀರು ಗುಳುಗುಳು ಎನ್ನುತ್ತಿತ್ತು. ಆಕೆಗೆ ಕಿಟಕಿಯಿಂದ ಹಾರಿಬಿಡಬೇಕು ಅನಿಸಿತು.

ಕಾಲೇಜಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಖಂಡಪ್ಪ ಮಾಸ್ತರರು ಕೂತಿದ್ದರು. ಅತ್ತೆ ಓದಲು ಹೊರಟಾಗ ಎಲ್ಲರಿಗಿಂತ ಜೋರಾಗಿ ನಕ್ಕವರೇ ಅವರು. ಅತ್ತೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು. ಗಾಜು ಸರಿಸಿದಳು. ಮತ್ತೊಂದು ಹನಿ ಹಾಕಿದಳು. ಆಕೆಯ ಮುಖ ಬಿಳುಚಿತು.

"ಏನ್ರಿ ಡಾಕ್ಟರ್ ಬಾಯಾರ, ಸಮುದ್ರ ಎಲ್ಲಿ ಓಡಿಹೋತು?" ಖಂಡಪ್ಪ ಮಾಸ್ತರರು ಕೇಳಿದರು. ಹುಡುಗರು ಹೋ ಎಂದು ನಕ್ಕರು.

ಅತ್ತೆ ಅಂಗೈಗೆ ಹನಿ ಹಾಕಿ ನೆಕ್ಕಿ ನೋಡಿದಳು. ನಿಧಾನವಾಗಿ ತಿರುಗಿ ಶಂಕ್ರೆವ್ವನನ್ನು ನೋಡಿದಳು.

"ಕ್ಷಮಿಸ್ರಿ," ಎಂದಳು ಸಭೆಗೆ. "ಇವತ್ತ ನಿಮಗ ಸಮುದ್ರ ತೋರಸಾಕ ಆಗಂಗಿಲ್ಲ. ನನ್ನ ಕಡೆಯಿಂದ ತಪ್ಪಾಗೇತಿ."

"ಅತ್ತೀದು ತಪ್ಪಲ್ರೀ!" ಶಂಕ್ರೆವ್ವ ಎದ್ದು ಚೀರಿಯೇಬಿಟ್ಟಳು. "ನಾ ಚೆಲ್ಲೀನ್ರಿ! ಗ್ರಹಣದ ನೀರಂತ ಚೆಲ್ಲಿದ್ನಿ. ಬಾವಿ ನೀರಿಗೆ ಉಪ್ಪ ಹಾಕಿ ತಂದೀನ್ರಿ!"

ಹಾಲಿನಲ್ಲಿದ್ದವರೆಲ್ಲ ಆಕೆಯ ಕಡೆ ತಿರುಗಿದರು. ಆಕೆಗೆ ನಾಚಿಕೆಯಿಂದ ನೆಲ ಬಿರಿದು ನುಂಗಬಾರದೆ ಅನಿಸಿತು.

"ಬಾ ಇಲ್ಲಿ," ಎಂದಳು ಅತ್ತೆ. "ನೋಡು."

ಶಂಕ್ರೆವ್ವ ಕಣ್ಣು ಹಚ್ಚಿದಳು. ಬೆಳಕಿನ ಒಂದು ದುಂಡು ತಟ್ಟೆ ಕಂಡಿತು. ಅದರಲ್ಲಿ ಒಣ ದ್ರಾಕ್ಷಿಯ ಹಾಗೆ ಸುಕ್ಕಾದ ಸಣ್ಣ ಸಣ್ಣ ಕಾಯಗಳಿದ್ದವು. ಒಂದೂ ಅಲುಗುತ್ತಿರಲಿಲ್ಲ.

"ಇವು ಯಾವು ಅತ್ತಿ?"

"ನಮ್ಮ ಬಾವ್ಯಾನವು. ಮುಂಜಾನಿ ಈಸಾಡತಿದ್ವು. ನೀ ಹಾಕಿದ ಉಪ್ಪ ತಡೀಲಿಲ್ಲ."

ಶಂಕ್ರೆವ್ವ ಬೆಚ್ಚಿಬಿದ್ದಳು. ದಿನಾ ಕೊಡಗಟ್ಟಲೆ ಸೇದುವ ಬಾವಿ! ಅದರಲ್ಲೂ ಇದ್ದವು. ಬಚ್ಚಲಿಗೆ ಸುರಿದ ನೀರಿನಲ್ಲೂ ಇದ್ದವು. ಮುಂಜಾನೆಯಿಂದ ತಾನು ಎಷ್ಟು ಸಲ ಏನೂ ಇಲ್ಲವೆಂದು ಚೆಲ್ಲಿದೆ? ಕಣ್ಣೀರು ಮೂಗಿನ ತುದಿಗೆ ಬಂತು.

ಅತ್ತೆ ಗಾಜು ತೊಳೆದಿಟ್ಟಳು. ಆಮೇಲೆ ಜವಾನ ಬುಡ್ಡೇಸಾಬನನ್ನು ಕರೆದಳು. "ಕಾಕಾ, ಸೈಕಲ್ ಮ್ಯಾಲ ಹೋಗಿ ತಾಜಬಾವಡಿಯಿಂದ ಒಂದ ಬಿಂದಿಗಿ ನೀರ ತರ್ತೀರೇನ್ರಿ? ಹಸರಂದ ತರ್ರಿ."

ಆ ಹಳೇ ಮೆಟ್ಟಿಲು ಬಾವಿಯ ನೀರಿನ ಹನಿಯಲ್ಲಿ ಹಸಿರು ದೋಣಿಗಳು ತೇಲಿದವು. ಗಂಟೆಯಂಥದೊಂದು ಜೀವ ನೂಲಿನಂಥ ಎಳೆಯ ತುದಿಯಲ್ಲಿ ನಿಂತು ಬಾಯಿ ತೆರೆದು ಮುಚ್ಚುತ್ತಿತ್ತು. ಹುಡುಗರು ಸಾಲು ಹಚ್ಚಿದರು. ಖಂಡಪ್ಪ ಮಾಸ್ತರರು ಎರಡು ಸಲ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆದರೆ ಅದು ಸಮುದ್ರವಲ್ಲ. ಅತ್ತೆ ಸಮುದ್ರದ ಮಾತು ಹೇಳುವಾಗ ದನಿಯಲ್ಲಿ ಮೊದಲಿನಷ್ಟು ಹಿಗ್ಗಿರಲಿಲ್ಲ.

ಎಲ್ಲ ಮುಗಿದಾಗ ಬಿಂದಿಗೆಯಲ್ಲಿ ಅರ್ಧ ನೀರು ಉಳಿದಿತ್ತು.

"ಚೆಲ್ಲಿಬಿಡವಾ ಗಟಾರಕ್ಕ," ಎಂದ ಬುಡ್ಡೇಸಾಬ.

ಶಂಕ್ರೆವ್ವ ಚೆಲ್ಲಲಿಲ್ಲ. ಬಿಂದಿಗೆಯನ್ನು ಎದೆಗೆ ಅವಚಿಕೊಂಡು ತಾಜಬಾವಡಿಯ ದಾರಿ ಹಿಡಿದಳು. ಅತ್ತೆ ಚೀಲ ಎತ್ತಿಕೊಂಡು ಹಿಂದೆ ಬಂದಳು.

"ಬಸ್ ಹೋಗ್ತೈತಿ ಶಂಕ್ರಿ," ಎಂದಳು ಬಾವಡಿಯ ಬಾಗಿಲಲ್ಲಿ.

"ಮ್ಯಾಲಿಂದ ಒಗದ್ರ ಅವಕ್ಕ ಪೆಟ್ಟ ಹತ್ತೂದಿಲ್ಲೇನ ಅತ್ತಿ?"

ಆಕೆ ಒಂದೊಂದೇ ಮೆಟ್ಟಿಲು ಇಳಿದಳು. ನೀರಿನ ಅಂಚಿಗೆ ಕೂತು, ಬಿಂದಿಗೆಯ ಬಾಯಿಯನ್ನು ನೀರೊಳಗೆ ಅದ್ದಿ, ಮೆಲ್ಲಗೆ ಓರೆ ಮಾಡಿದಳು. ಒಂದಿಷ್ಟೂ ಸದ್ದಾಗಲಿಲ್ಲ.

ಅತ್ತೆ ಚೀಲವನ್ನು ಕೆಳಗಿಟ್ಟು ಮೇಲಿನ ಮೆಟ್ಟಿಲ ಮೇಲೆ ಕೂತಳು.

"ಸಾವಕಾಶ ಬಿಡವಾ," ಎಂದಳು. "ಮುಂದಿನ ಬಸ್ಸಿಗೆ ಹೋಗೂಣು."