ದಾರಕ್ಕೆ ಇಸ್ತ್ರಿ

"ಮುಟ್ಟಬೇಡ!"

ಅಣ್ಣ ಗರಿಗರಿ ಕೂಗಿದ ರಭಸಕ್ಕೆ ತಂಗಿಯ ಬೆರಳು ಗಾಜಿನ ಬಾಟಲಿಗೆ ಇನ್ನೇನು ತಾಗಬೇಕು, ಅಲ್ಲೇ ನಿಂತುಬಿಟ್ಟಿತು.

"ನೋಡ್ತಿದ್ದೆ ಅಷ್ಟೇ," ಅಂದಳು ಅವಳು.

"ನೋಡೋದು ಕಣ್ಣಿಂದ. ಬೆರಳಿಂದ ಯಾರಾದ್ರೂ ನೋಡ್ತಾರಾ? ನಿನ್ನ ಕೈ ನೋಡ್ಕೋ, ಹೇಗಿದೆ!"

ತಂಗಿ ಕೈ ತಿರುಗಿಸಿ ನೋಡಿಕೊಂಡಳು. ಅಂಗೈ ತುಂಬ ಲಾಲಿಪಾಪಿನ ಕೆಂಪು ರಸ, ಅದಕ್ಕೆ ಮೆತ್ತಿಕೊಂಡ ಒಂದಿಷ್ಟು ಸಕ್ಕರೆ, ಜೊತೆಗೊಂದು ಇರುವೆ. ಇರುವೆ ಆರಾಮಾಗಿ ಓಡಾಡಿಕೊಂಡಿತ್ತು. ಅವಳಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಒಂದನೇ ಕ್ಲಾಸಿನ ಈ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಅಂಟಮ್ಮ ಅಂತಲೇ ಕರೆಯುತ್ತಿದ್ದರು. ಐದನೇ ಕ್ಲಾಸಿನ ಅಣ್ಣನಿಗೆ ಗರಿಗರಿ ಅಂತ ಹೆಸರಿಟ್ಟಿದ್ದು ಶಾಲೆಯ ಹುಡುಗರು. ಅವರ ಅಪ್ಪನದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಮನೆ. ಲಾಂಡ್ರಿಯವರ ಮಗನ ಅಂಗಿ ಹೇಗಿರಬೇಕು ಹೇಳಿ? ಗಂಜಿ ಹಾಕಿ ತೀಡಿದ ಕಾಲರ್ ಸೆಟೆದು ನಿಂತಿರುತ್ತಿತ್ತು. ಅವನು ಕೂತರೂ ಅಂಗಿ ಮಾತ್ರ ನಿಂತೇ ಇರುತ್ತೆ ಅಂತ ಸ್ನೇಹಿತರು ರೇಗಿಸುತ್ತಿದ್ದರು.

ಆ ಅಂಗಿಗೆ ಒಂದು ಕಲೆ ಆದರೂ ಗರಿಗರಿಗೆ ಸಮಾಧಾನವಿಲ್ಲ. ಅದಕ್ಕೇ ಶಾಲೆಗೆ ಹೋಗುವಾಗ ಅವನು ತಂಗಿಯ ಕೈ ಹಿಡಿಯುತ್ತಲೇ ಇರಲಿಲ್ಲ. ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಡೆಸುತ್ತಿದ್ದ.

ಬಾಟಲಿಯ ಕತೆ ಶುರುವಾಗಿದ್ದು ಹಿಂದಿನ ವಾರ. ಮಿಸ್ ಒಂದು ಡಬ್ಬದ ತುಂಬ ಚೀಟಿ ಮಡಚಿಕೊಂಡು ಕ್ಲಾಸಿಗೆ ಬಂದಿದ್ದರು. ಒಂದೊಂದು ಚೀಟಿಯಲ್ಲಿ ಒಂದೊಂದು ಪದ. ಜಿನುಗು, ಸೋರು, ತೊಟ್ಟಿಕ್ಕು, ಕರಗು, ಹೆಪ್ಪುಗಟ್ಟು, ಹೀಗೆ ಎಲ್ಲವೂ ನೀರಿಗೋ ಹರಳಿಗೋ ಸೇರಿದ ಪದಗಳು.

"ಅರ್ಥ ಬಾಯಲ್ಲಿ ಹೇಳೋ ಹಾಗಿಲ್ಲ. ತಂದು ತೋರಿಸ್ಬೇಕು," ಅಂದರು ಮಿಸ್. "ಮುಂದಿನ ಶುಕ್ರವಾರ. ಯಾರು ತಂದಿದ್ದು ನೋಡಿದ ಕೂಡಲೇ ಅರ್ಥ ಗೊತ್ತಾಗುತ್ತೋ, ಅದನ್ನ ಶಾಲೆ ಬಾಗಿಲಲ್ಲಿರೋ ಗಾಜಿನ ಬೀರುವಿನಲ್ಲಿ ಇಡೋಣ."

ಗಾಜಿನ ಬೀರು! ಗರಿಗರಿಯ ಬೆನ್ನು ನೆಟ್ಟಗಾಯಿತು. ಓಟದಲ್ಲಿ ಅವನು ಕೊನೆ. ಹಾಡಿನಲ್ಲಿ ಬರೀ ಬಾಯಿ ಆಡಿಸುವವನು. ದಿನಾ ಆ ಬೀರುವಿನ ಮುಂದೆ ಹಾದು ಹೋಗುವಾಗ ಅದರೊಳಗೆ ತನ್ನದು ಅಂತ ಒಂದಾದರೂ ಇರಬಾರದಾ ಅಂತ ಅವನಿಗೆ ಆಸೆಯಾಗುತ್ತಿತ್ತು.

ಪಕ್ಕದಲ್ಲಿ ಕೂರುವ ಪಟಾಕಿಗೆ ಸಿಕ್ಕಿದ್ದು 'ತಿಳಿ'. ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಗರಿಗರಿಗೆ ಸಿಕ್ಕಿದ್ದು 'ಹರಳುಗಟ್ಟು'.

"ಅಯ್ಯೋ, ಸುಲಭ! ಒಂದು ಕಲ್ಲುಸಕ್ಕರೆ ತಗೊಂಡು ಬಾ," ಅಂದಳು ಪಟಾಕಿ.

"ಅದು ಹರಳು. ಇವನ ಪದ ಹರಳುಗಟ್ಟು. ಕಟ್ಟಿದ್ದು ಕಾಣ್ಬೇಕು," ಅಂದರು ಮಿಸ್. ಆಮೇಲೆ ಅವನಿಗೆ ದಾರಿ ಹೇಳಿಕೊಟ್ಟರು. "ಬಿಸಿನೀರಿಗೆ ಹಿಡಿಯುವಷ್ಟು ಸಕ್ಕರೆ ಹಾಕಿ ಕರಗಿಸು. ಒಂದು ಒದ್ದೆ ದಾರ ತಗೊಂಡು ಸಕ್ಕರೆಯಲ್ಲಿ ಹೊರಳಿಸಿ ಒಣಗಿಸು. ಆ ದಾರವನ್ನ ಪಾಕದೊಳಗೆ ಇಳಿಬಿಟ್ಟು, ಅಲುಗಾಡಿಸದೆ ಇಟ್ಟುಬಿಡು."

ಮನೆಯವರೆಲ್ಲ ಟೊಂಕ ಕಟ್ಟಿ ನಿಂತರು. ಅಮ್ಮ ಬಾಟಲಿಯನ್ನು ಮುಖ ಕಾಣುವ ಹಾಗೆ ಉಜ್ಜಿದಳು. ಅಪ್ಪ ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸಿಕೊಟ್ಟರು. ಗರಿಗರಿ ಸಕ್ಕರೆಯಲ್ಲಿ ಹೊರಳಿಸಿದ ದಾರವನ್ನು ಅಂಗಡಿಯ ತಂತಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟು ಆಡಲು ಹೋದ.

ವಾಪಸ್ ಬಂದು ನೋಡಿದರೆ ದಾರ ಬೆಳ್ಳಗೆ, ನೆಟ್ಟಗೆ, ಸ್ಕೇಲಿನ ಹಾಗೆ ನೇತಾಡುತ್ತಿತ್ತು.

"ಏನೇನೋ ಪುಡಿ ಮೆತ್ಕೊಂಡು ಗಲೀಜಾಗಿತ್ತು ಮಗಾ," ಅಂದರು ಅಪ್ಪ. "ಸೋಪಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಹಾಗೇ ಒಂದು ಸಲ ಇಸ್ತ್ರಿನೂ ಎಳೆದುಬಿಟ್ಟೆ."

ಗರಿಗರಿ ಒಂದು ಕ್ಷಣ ತಬ್ಬಿಬ್ಬಾದ. ಆದರೆ ದಾರ ಎಷ್ಟು ಚೆನ್ನಾಗಿತ್ತು! ಇಂಥ ದಾರ ಇಡೀ ಶಾಲೆಯಲ್ಲಿ ಯಾರ ಹತ್ತಿರವೂ ಇರಲಾರದು. ಸಕ್ಕರೆ ಪಾಕದಲ್ಲೇ ಬೇಕಾದಷ್ಟಿದೆಯಲ್ಲ ಅಂದುಕೊಂಡು ಅದನ್ನೇ ಬಾಟಲಿಯೊಳಗೆ ಇಳಿಬಿಟ್ಟ.

ಪಾತ್ರೆಯ ತಳದಲ್ಲಿ ಒಂದಿಷ್ಟು ಪಾಕ ಉಳಿದಿತ್ತು. ಅಮ್ಮ ತೊಳೆಯಲು ಹೊರಟಾಗ "ನಂಗೆ! ನಂಗೆ!" ಅಂತ ಅಂಟಮ್ಮ ತನ್ನ ಅಂಚು ಒಡೆದ ಟೀ ಕಪ್ಪು ಹಿಡಿದಳು. ಅವಳು ಅದನ್ನು ಕುಡಿದಿರಬೇಕು ಅಂತ ಎಲ್ಲರೂ ಅಂದುಕೊಂಡರು.

ಅಂದಿನಿಂದ ಗರಿಗರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಬೆಳಿಗ್ಗೆ ಎದ್ದ ತಕ್ಷಣ ದಾರ ಎತ್ತಿ ನೋಡುತ್ತಿದ್ದ. ಶಾಲೆಯಿಂದ ಬಂದು ಎತ್ತಿ ನೋಡುತ್ತಿದ್ದ. ಅಮ್ಮ ಧೂಳು ಕೂರದ ಹಾಗೆ ದಿನಾ ಬಾಟಲಿ ಒರೆಸಿ ಇಡುತ್ತಿದ್ದಳು. ಅಂಟಮ್ಮ ಹತ್ತಿರ ಬಂದರೆ ಸಾಕು, "ಮುಟ್ಟಬೇಡ!" ಅಂತ ಗದರುತ್ತಿದ್ದ.

ಗುರುವಾರ ಸಂಜೆಯಾದರೂ ದಾರದ ಮೇಲೆ ಸಾಸಿವೆಯಷ್ಟು ಹರಳೂ ಇಲ್ಲ. ಗರಿಗರಿ ಇಸ್ತ್ರಿ ಟೇಬಲ್ಲಿನ ಪಕ್ಕ ಕೂತು ಅತ್ತೇಬಿಟ್ಟ.

ಅಪ್ಪ ಬಾಟಲಿ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. "ಬಟ್ಟೆಗೆ ಕಲೆ ಬರಬೇಡ ಅಂದ್ರೂ ಬರುತ್ತೆ. ಈ ಸಕ್ಕರೆ ಬಾ ಬಾ ಅಂದ್ರೂ ಬರ್ತಿಲ್ವಲ್ಲ!"

ಗರಿಗರಿಗೆ ನಗು ಬರಲಿಲ್ಲ.

"ಅಣ್ಣಾ," ಅಂದಳು ಅಂಟಮ್ಮ ಮೆಲ್ಲಗೆ. "ನಂದು ನೋಡ್ತೀಯಾ?"

"ನಿಂದೇನು?"

ಅವಳು ಇಸ್ತ್ರಿ ಟೇಬಲ್ಲಿನ ಕೆಳಗೆ ತೂರಿದಳು. ಹಳೆಯ ಹ್ಯಾಂಗರುಗಳನ್ನು ಸರಿಸಿದ ಸದ್ದು ಕೇಳಿಸಿತು. ಆಮೇಲೆ ಎರಡೂ ಕೈಯಲ್ಲಿ ಆ ಒಡಕು ಕಪ್ಪನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು ಈಚೆ ಬಂದಳು.

ಕಪ್ಪಿನ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲ್. ಪೆನ್ಸಿಲ್ಲಿಗೆ ಗಂಟು ಹಾಕಿದ, ಅವಳ ಫ್ರಾಕಿನ ಅಂಚಿನಿಂದ ಬಿಚ್ಚಿಕೊಂಡ ಗುಲಾಬಿ ದಾರ. ಅದನ್ನು ಎತ್ತಿದರೆ ದಾರವೇ ಕಾಣಲಿಲ್ಲ. ಅದರ ಸುತ್ತ ಹರಳು, ಹರಳಿನ ಮೇಲೆ ಹರಳು, ದೀಪದ ಬೆಳಕಿಗೆ ಮಿಣಮಿಣ ಮಿನುಗುತ್ತಿದ್ದವು. ಒಂದು ಹರಳಿನೊಳಗೆ ಇರುವೆಯೂ ಇತ್ತು.

"ಅದು ತಾನೇ ಬಿತ್ತು, ನಾನು ಹಾಕಿಲ್ಲ," ಅಂದಳು ಅಂಟಮ್ಮ ಬೇಗಬೇಗ.

ಗರಿಗರಿ ಬಿಟ್ಟ ಬಾಯಿ ಬಿಟ್ಟ ಹಾಗೇ ನೋಡಿದ. "ಯಾರು ಹೇಳಿಕೊಟ್ರು ನಿಂಗೆ?"

"ನೀನೇ! ನೀನು ಮಾಡೋದು ನೋಡ್ತಿದ್ದೆ. ನೀನು ದಾರನ ಸಕ್ಕರೆಯಲ್ಲಿ ಹೊರಳಿಸ್ದೆ. ನಾನು ನನ್ನ ಕೈಯಲ್ಲಿ ಹೊರಳಿಸ್ದೆ. ಕೈಯಲ್ಲೇ ಸಕ್ಕರೆ ಇತ್ತಲ್ಲ?"

"ದಿನಾ ತೆಗೆದು ನೋಡ್ತಿರ್ಲಿಲ್ವಾ?"

"ನೀನೇ ಮುಟ್ಟಬೇಡ, ಮುಟ್ಟಬೇಡ ಅಂತಿದ್ದೆ. ಅದಕ್ಕೇ ನಂದನ್ನೂ ಮುಟ್ಟಲಿಲ್ಲ."

ಅಪ್ಪ ಒಮ್ಮೆ ಕಪ್ಪು ನೋಡಿದರು, ಒಮ್ಮೆ ಇಸ್ತ್ರಿಪೆಟ್ಟಿಗೆ ನೋಡಿದರು. "ಅಂದ್ರೆ ನಾನು ಒಗೆದುಬಿಟ್ಟ ಆ ಪುಡೀನೇ ಬೇಕಾಗಿತ್ತಾ..." ಅಂತ ತಲೆ ಕೆರೆದುಕೊಂಡರು.

ಆ ಕಪ್ಪನ್ನು ತನ್ನದೇ ಅಂತ ಹೇಳಿ ತೆಗೆದುಕೊಂಡು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗರಿಗರಿಗೆ ಆ ಆಸೆ ಬಂದದ್ದು ನಿಜ. ಆದರೆ ಅಂಟಮ್ಮ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಅಣ್ಣ ಏನು ಹೇಳುತ್ತಾನೋ ಅಂತ ಉಗುರು ಕಚ್ಚುವುದನ್ನೂ ಮರೆತಿದ್ದಳು.

"ತುಂಬಾ ಚೆನ್ನಾಗಿದೆ," ಅಂದ ಅವನು. "ನಾಳೆ ಇದನ್ನ ನಮ್ಮ ಕ್ಲಾಸಿಗೆ ತಗೊಂಡು ಹೋಗೋಣ್ವಾ? ನೀನೇ ಹಿಡ್ಕೊಂಡು ಬಾ."

ಶುಕ್ರವಾರ ಮೊದಲು ಬಂದದ್ದು ಪಟಾಕಿಯ ಸರದಿ. ಮಣ್ಣುನೀರಿನ ಬಾಟಲಿಯನ್ನು ಕುಲುಕಿ ಟೇಬಲ್ಲಿನ ಮೇಲಿಟ್ಟಳು. ನೀರು ತಿಳಿಯಾಗಬೇಕಾದರೆ ಅದನ್ನು ಯಾರೂ ಅಲುಗಾಡಿಸಬಾರದು. ಅದಕ್ಕೇ ಅವಳು ಪಕ್ಕದಲ್ಲಿ ಕೈಕಟ್ಟಿ, ತುಟಿ ಬಿಗಿದು ಕಾವಲು ಕೂತಳು. ಪಟಾಕಿ ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ಕ್ಲಾಸು ಅದೇ ಮೊದಲು ನೋಡಿದ್ದು.

ಆಮೇಲೆ ಗರಿಗರಿ ತನ್ನ ಬಾಟಲಿಯನ್ನೂ ಅಂಟಮ್ಮ ಹಿಡಿದುಕೊಂಡು ಬಂದ ಕಪ್ಪನ್ನೂ ಅಕ್ಕಪಕ್ಕ ಇಟ್ಟ. "ಈ ಬಾಟಲಿ ನಂದು. ಈ ಕಪ್ಪು ನನ್ನ ತಂಗೀದು."

"ನಿನ್ನದರಲ್ಲಿ ಏನೂ ಇಲ್ವಲ್ಲೋ!" ಪಟಾಕಿಗೆ ತಡೆಯಲಾಗಲಿಲ್ಲ.

"ಹೂಂ. ನಮ್ಮಪ್ಪ ದಾರಕ್ಕೆ ಇಸ್ತ್ರಿ ಮಾಡಿದ್ರು."

ಹುಡುಗರು ಮುಖಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗರಿಗರಿಗೂ ಎಷ್ಟು ನಗು ಬಂತೆಂದರೆ ಅವನ ಕಾಲರ್ ಕೂಡ ಮುದುರಿಕೊಂಡಿತು.

"ಎಲ್ಲಿ, ನೋಡೋಣ," ಅಂತ ಮಿಸ್ ಕಪ್ಪಿಗೆ ಕೈ ಚಾಚಿದರು.

"ಮುಟ್ಟಬೇಡಿ!" ಅಂದಳು ಅಂಟಮ್ಮ.

ಕ್ಲಾಸು ಮತ್ತೆ ನಕ್ಕಿತು. ಮಿಸ್ ಚಕ್ಕನೆ ಕೈ ಹಿಂದಕ್ಕೆ ತೆಗೆದುಕೊಂಡರು. ಬೀರುವಿನಲ್ಲಿ ಏನಿಡೋಣ ಅಂತ ಅವರು ಕೇಳಿದಾಗ ಪಟಾಕಿ ಎಲ್ಲರಿಗಿಂತ ಮೊದಲು ಕೂಗಿದಳು, "ಎರಡನ್ನೂ ಇಡಿ ಮಿಸ್! ಬಾಟಲಿ ನೋಡಿದ ಮೇಲೇ ಕಪ್ಪಲ್ಲಿ ಏನಾಗಿದೆ ಅಂತ ಗೊತ್ತಾಗೋದು!"

ಸಂಜೆ ಗಂಟೆ ಹೊಡೆದಾಗ ಗಾಜಿನ ಬೀರುವಿನಲ್ಲಿ ಬಾಟಲಿಯೂ ಕಪ್ಪೂ ಒಟ್ಟಿಗೆ ಕೂತಿದ್ದವು. ಮುಂದೆ ಒಂದೇ ಚೀಟಿ: 'ಹರಳುಗಟ್ಟು. ತಂದವರು: ಅಂಟಮ್ಮ, ಗರಿಗರಿ.' ಅಣ್ಣತಂಗಿ ಮೂಗು ಗಾಜಿಗೆ ಒತ್ತಿ ನೋಡಿದ್ದೇ ನೋಡಿದ್ದು.

ಮನೆಗೆ ಹೊರಟಾಗ ಗರಿಗರಿಯ ಕೈ ರೂಢಿಯಂತೆ ತಂಗಿಯ ಬ್ಯಾಗಿನ ಪಟ್ಟಿಗೆ ಹೋಯಿತು. ಅಲ್ಲಿಂದ ಮೆಲ್ಲಗೆ ಕೆಳಗಿಳಿದು ಅವಳ ಅಂಗೈ ಹಿಡಿದುಕೊಂಡಿತು. ಅಂಗೈ ಎಂದಿನಂತೆ ಅಂಟಂಟಾಗಿತ್ತು.

"ಅಣ್ಣಾ, ನಿನ್ನ ಅಂಗಿಗೆ ಅಂಟುತ್ತೆ," ಅಂತ ಅವಳೇ ಎಚ್ಚರಿಸಿದಳು.

"ಅಂಟಲಿ ಬಿಡು," ಅಂದ ಗರಿಗರಿ. "ಲಾಂಡ್ರಿ ನಮ್ಮದೇ ಅಲ್ವಾ?"