ಕಂಡಿಗೆ ಅಡ್ಡ ಬಿದ್ದ ಜಾಲಿ

"ಯಾರೂ ಮುಟ್ಟಬೇಡ್ರಿ! ಅವನ ಮುಖಕ್ಕೆ ಕೈ ಹಚ್ಚಬೇಡ್ರಿ!"

ದೀಪಾ ಕೂಗುತ್ತಲೇ ಓಡಿದಳು. ಮುಳ್ಳುಬೇಲಿಯ ಕಂಡಿಯಲ್ಲಿ ಸೊಹೈಲ್ ಬಿದ್ದಿದ್ದ. ಎರಡೂ ಕೈಯಿಂದ ಬಲಗಣ್ಣು ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವನ ಸೈಕಲ್ಲು ಬಳ್ಳಾರಿ ಜಾಲಿಯ ದೊಡ್ಡ ಕೊಂಬೆಯೊಂದಕ್ಕೆ ಸಿಕ್ಕಿಕೊಂಡಿತ್ತು. ಬೆಳಗಿನಿಂದ ಎಲ್ಲ ತಂಡಗಳ ಸೈಕಲ್ಲುಗಳೂ ಗುಡ್ಡ ಇಳಿದು ನುಗ್ಗಿದ್ದು ಇದೇ ಕಂಡಿಯಲ್ಲಿ. ಆಗ ಇಲ್ಲದ ಕೊಂಬೆ ಈಗ ಎಲ್ಲಿಂದ ಬಂತು?

"ಅಕ್ಕಾ, ಈ ಕಣ್ಣು ಕಾಣ್ತಿಲ್ಲ" ಎಂದ ಸೊಹೈಲ್. "ತಿರುವಿನಾಗೆ ಬ್ರೇಕ್ ಹಿಡೀಬೇಡ ಅಂದಿದ್ರಲ್ಲ... ಹಿಡೀಲಿಲ್ಲ."

ಅವನು ಹೊರಡುವಾಗ ಹಾಗೆ ಹೇಳಿ ಕಳಿಸಿದ್ದು ದೀಪಾಳೇ.

ಆಂಬುಲೆನ್ಸು ಸೊಹೈಲನನ್ನೂ ಅವನ ತಂದೆ ಕಲಂದರ್ ಸಾಹೇಬರನ್ನೂ ಹತ್ತಿಸಿಕೊಂಡು ದುರ್ಗದ ಆಸ್ಪತ್ರೆಗೆ ಹೊರಟಿತು. ದೀಪಾಗೂ ಹೋಗುವ ಮನಸ್ಸಿತ್ತು. ಆದರೆ ಅವಳು ಹಿರಿಯೂರು ಠಾಣೆಯ ಹೆಡ್ ಕಾನ್‌ಸ್ಟೇಬಲ್ಲು. ರಜೆ ಹಾಕಿ ಸೈಕಲ್ ತಂಡ ಕಟ್ಟಿಕೊಂಡು ಬಂದಿದ್ದರೂ ಪೊಲೀಸು ಪೊಲೀಸೇ. ಕೊಂಬೆಯನ್ನು ಯಾರೂ ಎಳೆದು ಹಾಕದಂತೆ ಕಾಯಬೇಕಿತ್ತು.

ಐಮಂಗಲದ ಆಚೆಯ, ಕುರಿ ಮೇಯುವ ಈ ಕಾವಲಿಗೆ ಸಂಘಟಕರು ಕೊಟ್ಟ ಹೆಸರು ಮರುಭೂಮಿ! ದೊಡ್ಡ ಬ್ಯಾನರಿನಲ್ಲಿ 'ಮರುಭೂಮಿ ರಿಲೇ' ಎಂದು ಬರೆಸಿ ಕಟ್ಟಿದ್ದರು. ಕುರಿ ಕಾಯುವವರು ಅದನ್ನು ಓದಿ ನಕ್ಕಿದ್ದೇ ನಕ್ಕಿದ್ದು. ಅವರ ತಾತಂದಿರ ಕಾಲದಿಂದ ಹಿಂಡುಗಳು ಮೇಯುತ್ತಿರುವ ಹುಲ್ಲುಗಾವಲು ಅದು; ಮರಳುಗಾಡು ಯಾವಾಗ ಆಯಿತೋ ಬಲ್ಲವರೇ ಬಲ್ಲರು. ಬೆಳಗಿನಿಂದ ಸಂಜೆವರೆಗೆ ಓಟ. ಒಬ್ಬರು ಗುಡ್ಡದ ಸುತ್ತು ಮುಗಿಸಿ ಬಂದು ಬೇಟನ್ ಕೊಟ್ಟ ಮೇಲೆ ಇನ್ನೊಬ್ಬರು ಹೊರಡಬೇಕು. ನಡುವೆ ಉರಿಬಿಸಿಲಿಗೆ, ಗುಡ್ಡದ ಕೆಳಗಿನ ಡೇರೆಗಳಲ್ಲಿ ಊಟದ ಬಿಡುವು. ಬಿಡುವು ಮುಗಿದೊಡನೆ ಮುಂದಿದ್ದ ದೀಪಾಳ ತಂಡದಿಂದ ಸೊಹೈಲ್ ಮೊದಲು ಹೊರಟ. ಹೊರಟವನು ಇಲ್ಲಿ ಬಿದ್ದ.

ದೀಪಾ ಕೊಂಬೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು. ಮುಳ್ಳಿನ ತುದಿಯೆಲ್ಲ ಗುಡ್ಡದ ಕಡೆಗೆ ಚಾಚಿತ್ತು. ದಪ್ಪ ಬುಡ ಕೆಳಗೆ, ಡೇರೆಗಳ ಕಡೆಗೆ. ಬುಡದ ಮೇಲೊಂದು ಚಪ್ಪಡಿ ಕಲ್ಲು. ಸೈಕಲ್ಲು ಅಷ್ಟು ಜೋರಾಗಿ ಗುದ್ದಿದರೂ ಕೊಂಬೆ ಜರುಗಿರಲಿಲ್ಲ.

"ಗಾಳಿಗೆ ಬಿದ್ದದ್ದಲ್ಲ" ಎಂದು ಗೊಣಗಿದಳು.

"ಗಾಳಿಗೆ ಯಾಕೆ ಬೀಳುತ್ತೆ ಮೇಡಂ?" ಅಂಜನ್ ಬೆವರು ಒರೆಸಿಕೊಳ್ಳುತ್ತಾ ಬಂದ. ಓಟದ ಸಂಘಟಕ, ದುರ್ಗದವನು. "ಆ ಕುರಿಯೋನು ಕಾಟಯ್ಯ ಹಾಕಿರೋದು. ಬೆಳಿಗ್ಗೆಯಿಂದ ಮೇಲೆ ಗುಡ್ಡದಲ್ಲೇ ಇದ್ದಾನೆ. ನಾನಾಗಲೇ ನಿಮ್ಮ ಎಸ್.ಐ. ಸಾಹೇಬ್ರಿಗೆ ಫೋನ್ ಮಾಡಿದೀನಿ. ಜೀಪು ಹೊರಟಿದೆ."

"ನೀವು ನೋಡಿದ್ರಾ?"

"ನೋಡೋದೇನು? ಮುಳ್ಳು ಕಡಿಯೋದು ಬೇರೆ ಯಾರಿಗೆ ಬರುತ್ತೆ?"

"ಊಟದ ಹೊತ್ತಿನಾಗೆ ನೀವೆಲ್ಲಿದ್ರಿ?"

ಅಂಜನ್ ಕಣ್ಣರಳಿಸಿದ. "ನನ್ನನ್ನೇ ಕೇಳ್ತೀರಾ? ಎಲ್ಲಿಗೆ ಬಿಟ್ಟ ಆ ರಂಗೇಶ್ ನನ್ನ? ಸುತ್ತಿನ ಲೆಕ್ಕ ತಪ್ಪಾಗಿದೆ ಅಂತ ಬಿಡುವು ಮುಗಿಯೋವರೆಗೂ ಜಗಳ!"

ರಂಗೇಶ್ ಹೊಸದುರ್ಗದ ತಂಡದ ನಾಯಕ. ಎರಡನೇ ಸ್ಥಾನದಲ್ಲಿದ್ದವನು. ಸೊಹೈಲ್ ಬಿದ್ದರೆ ಲಾಭ ಯಾರಿಗೆಂದು ಕೇಳಿದರೆ ಎಲ್ಲರ ಬೆರಳೂ ಅವನ ಕಡೆಗೇ. ಅದು ಅವನಿಗೂ ಗೊತ್ತಿತ್ತು.

"ನನ್ ಮ್ಯಾಲೆ ಅನುಮಾನಾನಾ ಮೇಡಂ?" ಕರೆಯುವ ಮೊದಲೇ ಬಂದು ನಿಂತ.

"ಇರ್ಬಾರ್ದಾ?"

"ಜಗಳ ಆಡಿದ್ದು ನಿಜ. ಅನ್ನ ಕೂಡ ಬಿಟ್ಟು ಆಡಿದೀನಿ. ಊಟಕ್ಕೆ ಕುಂತಿದ್ದ ಅಷ್ಟೂ ಜನ ನೋಡ್ಯಾರೆ, ಕೇಳ್ರಿ. ಆದ್ರೆ ಮುಂದಿರೋನ ಕಣ್ಣು ಕಿತ್ತು ಗೆಲ್ಲೋ ಹಂಗಿದ್ರೆ ನಾನು ಸೈಕಲ್ ಯಾಕೆ ತುಳೀಲಿ?"

ದೀಪಾ ಕೇಳಿದಳು. ಊಟಕ್ಕೆ ಕುಳಿತವರು, ಬಡಿಸಿದವರು, ದಾರಿ ಕಾಯುವ ಹುಡುಗರು — ಎಲ್ಲರದೂ ಒಂದೇ ಮಾತು. ಬಿಡುವಿನಲ್ಲಿ ಡೇರೆ ಬಿಟ್ಟು ಯಾರೂ ಕದಲಿಲ್ಲ. ಪುಕ್ಕಟೆ ಜಗಳ ಬಿಟ್ಟು ಯಾರು ತಾನೇ ಎದ್ದು ಹೋಗುತ್ತಾರೆ?

ಉಳಿದವಳು ಕೀರ್ತನಾ. ದೀಪಾಳ ತಂಡದವಳೇ. ಕಾಟಯ್ಯನ ಮಗಳು. ಮುಂದಿದ್ದ ತಂಡಕ್ಕೆ ಬಿಡುವಿಗೆ ಮುಂಚೆ ಇನ್ನೊಂದು ಸುತ್ತಿಗೆ ಹೊತ್ತಿದ್ದುದರಿಂದ ಆ ಕೊನೆಯ ಸುತ್ತು ಹೋಗಿ ಬಂದಿದ್ದಳು. ಉಳಿದ ತಂಡಗಳವರೆಲ್ಲ, ದಾರಿ ಕಾಯುವ ಹುಡುಗರೂ ಸೇರಿ, ಕೈತೊಳೆದು ಕೂತಾಗ ಇವಳೊಬ್ಬಳೇ ಗುಡ್ಡದಲ್ಲಿ ಸೈಕಲ್ ತುಳಿಯುತ್ತಿದ್ದಳು. ಈಗ ಡೇರೆಯ ಕಂಬಕ್ಕೆ ಒರಗಿ ಕುಳಿತಿದ್ದಳು.

"ಕೀರ್ತನಾ, ಕೊನೇಗೆ ಅಲ್ಲಿ ದಾಟಿದ್ದು ನೀನು. ಕೊಂಬೆ ಇತ್ತಾ?"

"ಇರ್ಲಿಲ್ಲ ಅಕ್ಕ. ದಾರಿ ಚೊಕ್ಕಟಿತ್ತು."

"ಯಾರಾದ್ರೂ ಕಂಡ್ರಾ?"

"ಇಲ್ಲ."

"ನಿಮ್ಮಪ್ಪ?"

"ಅಪ್ಪ ಮೇಲೆ, ದೂರ ಇದ್ರು. ಕುರಿ ಬಿಟ್ಕಂಡು." ಅವಳ ದನಿ ಏರಿತು. "ಅವ್ರು ಕೆಳಗೆ ಬಂದೇ ಇಲ್ಲ ಅಕ್ಕ! ಅವ್ರನ್ನ ಯಾಕೆ ಎಳೀತಾರೆ ಇವ್ರು?"

"ಎಳೀತಾರೆ. ಬೇರೆ ಹೆಸರು ಸಿಗ್ದಿದ್ರೆ ಜೀಪಿನಾಗೆ ಕೂರೋದು ನಿಮ್ಮಪ್ಪನೇ."

ಕೀರ್ತನಾ ಮುಖ ತಿರುಗಿಸಿದಳು.

ಅಷ್ಟರಲ್ಲಿ ಕಾಟಯ್ಯ ಗುಡ್ಡ ಇಳಿದು ಬಂದ. ಹಿಂಡು ಮೇಲೆಯೇ ನಿಂತಿತ್ತು. ಅವನು ಕಂಡಿಯ ಆಚೆ, ಗುಡ್ಡದ ಬದಿಗೇ ನಿಂತು ಕೊಂಬೆಯನ್ನು ನೋಡಿದ. ಬುಡ ನೋಡಿದ, ಕಲ್ಲು ನೋಡಿದ. ಆಮೇಲೆ ಡೇರೆಯ ಹತ್ತಿರ ಕುಳಿತ ಮಗಳನ್ನು ನೋಡಿದ. ಹೆಗಲ ಕಂಬಳಿ ತೆಗೆದು ನೆಲಕ್ಕಿಟ್ಟ.

"ನಾನೇ ಹಾಕ್ದೆ ತಾಯಿ" ಎಂದ.

"ನೋಡಿದ್ರಾ!" ಅಂಜನ್ ಎಗರಿ ಬಿದ್ದ. "ಹೇಳಿರಲಿಲ್ವಾ ನಾನು?"

"ಸುಮ್ನಿರ್ರಿ ಸ್ವಲ್ಪ." ದೀಪಾ ಕಾಟಯ್ಯನತ್ತ ತಿರುಗಿದಳು. "ಯಾಕೆ ಹಾಕ್ದೆ ಕಾಟಯ್ಯಣ್ಣ?"

"ಸೈಕಲ್ಲಿನ ಸದ್ದಿಗೆ ಕುರಿ ಬೆದರ್ತಿದ್ವು."

"ಯಾವಾಗ ಹಾಕ್ದೆ?"

"ನೀವೆಲ್ಲ ಉಣ್ಣೋಕೆ ಕುಂತಾಗ."

"ಕುರಿ ಜೊತೆ ಯಾರಿದ್ರು?"

"ಯಾರಿಲ್ಲ. ನಾನೊಬ್ನೇ."

"ಸರಿ. ಹೆಂಗೆ ಹಾಕ್ದೆ, ಒಂದ್ಸಲ ತೋರ್ಸಣ್ಣ."

ಬೇಲಿಯ ಬದಿಯಲ್ಲಿ ಕಡಿದು ಬಿದ್ದ ಇನ್ನೊಂದು ಕೊಂಬೆಯಿತ್ತು. ದೀಪಾ ಅದನ್ನು ತೋರಿಸಿದಳು. ಕಾಟಯ್ಯ ಬಗ್ಗಿದ. ಬುಡಕ್ಕೆ ಕೈ ಹಾಕಿ, ತಾನು ನಿಂತ ಕಡೆಯಿಂದ ಕಂಡಿಗೆ ಎಳೆದ. ಮುಳ್ಳೆಲ್ಲ ಕೆಳಗೆ ಡೇರೆಗಳ ಕಡೆ ಹೋಯಿತು. ಬುಡ ಮೇಲೆ, ಅವನ ಕೈಯಲ್ಲೇ ಉಳಿಯಿತು. ಕಾಲಿಂದ ಕಲ್ಲೊಂದನ್ನು ಹತ್ತಿರಕ್ಕೆ ಒತ್ತರಿಸಿಕೊಂಡವನು ಥಟ್ಟನೆ ನಿಂತುಬಿಟ್ಟ. ಕೈ ತನ್ನ ಪಾಡಿಗೆ ತಾನು ರೂಢಿಯ ಕೆಲಸ ಮಾಡಿ ಮುಗಿಸಿತ್ತು. ಬಾಯಿ ಹೇಳಿದ ಸುಳ್ಳು ಅದಕ್ಕೆ ಗೊತ್ತಿರಲಿಲ್ಲ.

"ಬುಡ ನಿನ್ನ ಕಡೆ ಬಂತಲ್ಲಣ್ಣ" ಎಂದಳು ದೀಪಾ ಮೆಲ್ಲಗೆ. "ಸೊಹೈಲನ್ನ ಬೀಳಿಸಿದ ಕೊಂಬೇದು ಆ ಕಡೆ ಐತೆ."

"ನಾನು... ಆ ಕಡೆ ದಾಟಿ ಹಾಕ್ದೆ."

"ಕುರಿ ಮೇಲೆ ಬಿಟ್ಟು, ನೀನು ಕೆಳಗೆ ನಿಂತು, ನಡುವೆ ಮುಳ್ಳು ಹಾಕ್ಕಂಡೆ? ಹಿಂಡಿಗೂ ನಿನಗೂ ಅಡ್ಡ? ಯಾವ ಕುರಿಯೋನು ಹಂಗೆ ಮಾಡ್ತಾನಣ್ಣ?"

ಕಾಟಯ್ಯ ಅಲ್ಲೇ ಕುಳಿತುಬಿಟ್ಟ.

ದೀಪಾಗೆ ಬೇಡವೆನಿಸಿತು. ಇಲ್ಲಿಗೇ ಬಿಟ್ಟು ಮನೆಗೆ ಹೋಗಿಬಿಡಬಹುದಿತ್ತು. ಮುದುಕ ತಾನಾಗಿ ಒಪ್ಪಿಕೊಂಡಿದ್ದಾನೆ, ಕೇಳುವವರಿಲ್ಲ. ಆದರೆ ಮಾಡದ ತಪ್ಪಿಗೆ ಅವನು ಜೈಲು ಸೇರುವುದನ್ನು ನೋಡಿಕೊಂಡು ಇರಲಾರೆನೆಂದು ಅವಳಿಗೆ ಗೊತ್ತಿತ್ತು. ಡೇರೆಗೆ ನಡೆದಳು. ಅಂಜನ್, ರಂಗೇಶ್ ಹಿಂದೆಯೇ ಬಂದರು.

"ಮುಳ್ಳಿನ ಕೊಂಬೇನ ತುದಿ ಹಿಡಿದು ಯಾರೂ ಎಳೆಯೋಕಾಗಲ್ಲ" ಎಂದಳು. "ಬುಡಾನೇ ಹಿಡೀಬೇಕು. ಅಂದ್ರೆ ಬುಡ ಎಲ್ಲೈತೋ, ಮುಚ್ಚಿದವರು ನಿಂತಿದ್ದು ಅಲ್ಲೇ. ನಾವೆಲ್ಲ ಮುಳ್ಳು ನೋಡಿದ್ವಿ, ರಕ್ತ ನೋಡಿದ್ವಿ. ಬುಡ ಯಾರೂ ನೋಡ್ಲಿಲ್ಲ. ಅದು ಕೆಳಗಿನ ಕಡೆಗಿತ್ತು. ಡೇರೆಯಿಂದ ಯಾರೂ ಎದ್ದಿಲ್ಲ. ಅಂದ್ರೆ ಕಂಡಿ ದಾಟಿ ಕೆಳಗೆ ಬಂದವರೇ ಮುಚ್ಚಿರಬೇಕು. ಇನ್ನೊಂದು. ಹೊಟ್ಟೆಕಿಚ್ಚಿಗೆ ಮುಳ್ಳು ಹಾಕೋರು ಎಸೆದು ಓಡ್ತಾರೆ. ಬುಡದ ಮೇಲೆ ಕಲ್ಲು ಹೇರಿ ಹೋಗಲ್ಲ. ಕುರಿಮರಿ ತಳ್ಳಿಕೊಂಡು ಆಚೆ ಹೋಗ್ಬಾರ್ದು ಅಂತ ಕಲ್ಲು ಹೇರೋದು ಹಟ್ಟಿಯೋರು. ದಿನಾ ಸಂಜೆ ದೊಡ್ಡಿ ಒಳಗೆ ಹೊಕ್ಕು, ಬೆನ್ನ ಹಿಂದೆ ಮುಳ್ಳೆಳ್ಕೊಂಡು, ಕಲ್ಲು ಹೇರಿ ರೂಢಿ ಇರೋರು."

ದೀಪಾ ಕೀರ್ತನಾಳ ಎದುರು ಕುಳಿತಳು.

"ಬಿಡುವಿಗೆ ಮುಂಚೆ ಕೊನೇಗೆ ದಾಟಿದ್ದು ನೀನು, ಕೀರ್ತನಾ. ಮುಚ್ಚಿದ್ದೂ ನೀನೇ."

ಕೀರ್ತನಾ ಬಹಳ ಹೊತ್ತಿನಿಂದ ಯಾರಾದರೂ ಕೇಳಲಿ ಎಂದೇ ಕುಳಿತವಳಂತೆ ಹೌದೆಂದು ತಲೆಯಾಡಿಸಿದಳು.

"ಬೆಳಿಗ್ಗೆ ಭಾಷಣದಾಗೆ ಏನಂದ್ರು ಇವ್ರು?" ಅಂಜನ್‌ನತ್ತ ಕೈ ತೋರಿಸಿದಳು. "ಇವತ್ತಿನ ಓಟ ಸುಸೂತ್ರ ಆದ್ರೆ ಕಾವಲಿಗೆಲ್ಲ ತಂತಿ ಬೇಲಿ ಹಾಕಿ ಕಾಯಂ ಸೈಕಲ್ ಮೈದಾನ ಮಾಡ್ತೀವಿ ಅಂದ್ರು. ಎಲ್ರೂ ಚಪ್ಪಾಳೆ ಹೊಡೆದ್ರಿ. ನೀವೂ ಹೊಡೆದ್ರಿ ಅಕ್ಕ."

ದೀಪಾ ಹೊಡೆದಿದ್ದಳು. ತಂಡಕ್ಕೆ ಒಳ್ಳೆಯದಾಯಿತೆಂದು ಖುಷಿಯೂ ಪಟ್ಟಿದ್ದಳು.

"ನಮ್ ಹಟ್ಟಿ ಕುರಿಗಳಿಗೆ ಇದು ಬಿಟ್ರೆ ಬೇರೆ ಹುಲ್ಲಿಲ್ಲ. ಓಟ ಸುಸೂತ್ರ ಆಗ್ದಿದ್ರೆ ಸಾಕು ಅಂದ್ಕಂಡೆ. ಮುಂದಿನ ಸರದಿ ಸೊಹೈಲಂದು. ಅವ್ನು ಕಂಡಿ ಮುಂದಿನ ಆ ತಿರುವಿನಾಗೆ ಬ್ರೇಕ್ ಹಿಡೀದೆ ಯಾವತ್ತೂ ಬಂದೋನಲ್ಲ. ನಿಲ್ಲಿಸ್ತಾನೆ, ಮುಳ್ಳು ನೋಡ್ತಾನೆ, ಈ ಜಾಗ ಸರಿ ಇಲ್ಲ ಅಂತ ಕೂಗಾಡ್ತಾನೆ... ಅಷ್ಟೇ ಅಂದ್ಕಂಡಿದ್ದೆ. ಯಾಕಕ್ಕ ಬ್ರೇಕ್ ಹಿಡೀಲಿಲ್ಲ ಅವ್ನು?"

ದೀಪಾ ಕಂಡಿಯಲ್ಲಿ ಸಿಕ್ಕಿಕೊಂಡಿದ್ದ ಸೈಕಲ್ಲಿನತ್ತ ನೋಡಿದಳು.

ಬದಿಯಲ್ಲಿ ಅಂಜನ್ ಫೋನಿನಲ್ಲಿದ್ದ. ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. "ಹೌದು ಸಾರ್, ಓಟ ರದ್ದು. ಆದ್ರೆ ಬೇಲಿ ಕೆಲಸ ನಿಲ್ಲಿಸೋದು ಬೇಡ, ನಾಳೆನೇ ಶುರು ಮಾಡಿಸಿ. ಕುರಿಯೋರು ಒಳಗೆ ಬಂದ್ರೆ ಎಂಥ ಅಪಾಯ ಅಂತ ಇವತ್ತು ಎಲ್ರಿಗೂ ಗೊತ್ತಾಯ್ತಲ್ಲ! ಇನ್ನು ಯಾರೂ ಬೇಡ ಅನ್ನೋಕಾಗಲ್ಲ."

ಕೀರ್ತನಾ ಅದನ್ನು ಕೇಳಿಸಿಕೊಂಡಳು. ಅಲ್ಲಿಯವರೆಗೂ ಒಣಗಿದ್ದ ಅವಳ ಕಣ್ಣು ತುಂಬಿತು. ಹೆದ್ದಾರಿಯ ಕಡೆಯಿಂದ ಜೀಪಿನ ಧೂಳು ಏಳುತ್ತಿತ್ತು. ರಂಗೇಶ್ ನೀರಿನ ಬಾಟಲಿ ತಂದು ಅವಳ ಮುಂದಿಟ್ಟು ಸರಿದು ನಿಂತ. ಅವಳು ಮುಟ್ಟಲಿಲ್ಲ.

ದೀಪಾಳ ಫೋನು ಹೊಡೆದುಕೊಂಡಿತು. ಕಲಂದರ್ ಸಾಹೇಬರು.

"ಡಾಕ್ಟ್ರು ಆ ಕಣ್ಣಿನ ಆಸೆ ಬಿಡಿ ಅಂದ್ಬಿಟ್ರಮ್ಮ." ಮುದುಕರ ದನಿ ಒಡೆದಿತ್ತು. "ಆಪರೇಷನ್‌ಗೆ ಕರ್ಕೊಂಡು ಹೋಗ್ತಾ ಅವ್ರೆ. ಇವ್ನು ಹೋಗಲ್ಲ ಅಂತಾನೆ. ಒಂದ್ಮಾತು ಕೇಳ್ಬೇಕಂತೆ. ತಗಳ್ರಿ."

"ಅಕ್ಕಾ." ಸೊಹೈಲನ ದನಿ ಕ್ಷೀಣವಾಗಿತ್ತು. "ಕೀರ್ತನಾ ಹುಷಾರಾಗವ್ಳಾ? ನನಗಿಂತ ಮುಂಚೆ ಅವಳೂ ಅಲ್ಲೇ ದಾಟಿದ್ದಲ್ವಾ? ಅವಳ್ಗೇನೂ ಆಗಿಲ್ಲ ತಾನೆ?"

ದೀಪಾ ಫೋನನ್ನು ಕೀರ್ತನಾಳ ಕೈಗೆ ಕೊಟ್ಟಳು. ಕೀರ್ತನಾ ಎರಡೂ ಕೈಯಲ್ಲಿ ಅದನ್ನು ಹಿಡಿದು ಕಿವಿಗೆ ಒತ್ತಿಕೊಂಡಳು.

"ಸೊಹೈಲ್, ಮುಳ್ಳು ಹಾಕಿದ್ದು ನಾನು" ಎಂದಳು.

ಆ ಕಡೆಯಿಂದ ಉತ್ತರ ಬರಲಿಲ್ಲ. ಜೀಪು ಬಂದು ಬಾಗಿಲು ತೆರೆದು ನಿಂತರೂ ಅವಳು ಫೋನು ಇಳಿಸಲಿಲ್ಲ. ಅವನಿನ್ನೂ ಕರೆ ಕಟ್ ಮಾಡಿರಲಿಲ್ಲ.